ಲವಂಗಿಯ ಹೊಟ್ಟೆಯಡಿ

ರೇವಕ್ಕನ ಅಂಗಳದ ರಂಗೋಲಿಯಂಥ ರಂಗೋಲಿ ಇನ್ನೊಂದಿಲ್ಲ ಎಂದು ಇಡೀ ಬೀದಿ ಹೇಳುತ್ತದೆ. ನಾನು ಹೇಳುವುದಿಲ್ಲ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಗಂಡಸರಿಬ್ಬರೂ ಹೋಗಿ ಕಾಲವಾಯಿತು. ನಾವಿಬ್ಬರು ಉಳಿದೆವು, ನಮ್ಮ ನಡುವೆ ಒಂದು ಹಳೆಯ ಕಣ ಉಳಿಯಿತು. ಕಣದ ಪಡುವಣಕ್ಕೆ ನನ್ನ ಜಗಲಿ. ಮೂಡಣಕ್ಕೆ ಸೊಂಟದೆತ್ತರದ ಮಣ್ಣುಗೋಡೆ, ಅದರಲ್ಲೊಂದು ದಿಡ್ಡಿ ಬಾಗಿಲು, ಆಚೆಗೆ ಅವಳ ಅಂಗಳ. ಕಾಳು ಬಡಿಯುವುದು ನಿಂತ ಮೇಲೆ ಆ ಕಣದಲ್ಲಿ ನಾನು ಕುದುರೆ ತಿದ್ದುತ್ತೇನೆ, ಅವಳು ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಾಳೆ. ಬೀದಿಯಲ್ಲಿ ಹೋಗುವವರ ನೆರಳೆಲ್ಲ ಆ ಸಂಡಿಗೆಯ ಕಡೆಗೇ.

ನಮ್ಮೂರಲ್ಲಿ ನೆರಳು ಸೂರ್ಯನ ಮಾತು ಕೇಳುವುದಿಲ್ಲ. ಮನಸ್ಸು ಎತ್ತಲೋ ಅತ್ತ ಬೀಳುತ್ತದೆ. ಅದಕ್ಕೇ ಸಂತೆಯ ಉದ್ದಕ್ಕೂ ಚಪ್ಪರ. ಬಿಸಿಲಲ್ಲಿ ನಿಂತು ಚೌಕಾಸಿ ಮಾಡಿ ಗೆದ್ದವರಿಲ್ಲ. ‘ಈ ಸೀರೆ ಯಾರಿಗೆ ಬೇಕು’ ಎಂದು ಬಾಯಿ ಅನ್ನುವಷ್ಟರಲ್ಲಿ ನೆರಳು ಹೋಗಿ ಅದರ ಸೆರಗಿನ ಮೇಲೆ ಮಲಗಿರುತ್ತದೆ. ಹೆಣ್ಣು ನೋಡುವವರು ಮೋಡದ ದಿನ ನೋಡಿ ಬರುತ್ತಾರೆ. ಪೂಜಾರಪ್ಪ ಗುಡಿಯ ಹೊಸ್ತಿಲು ದಾಟಿದೊಡನೆ ಕೊಡೆ ಬಿಚ್ಚುತ್ತಾನೆ. ಕೊಡೆಗೆ ಮನಸ್ಸಿಲ್ಲವಲ್ಲ, ಅದರ ನೆರಳು ಕಾಲಬುಡದಲ್ಲೇ ಇರುತ್ತದೆ, ಅವನ ನೆರಳು ಅದರೊಳಗೆ ಮುಚ್ಚಿಹೋಗುತ್ತದೆ. ಇನ್ನೊಬ್ಬರ ನೆರಳಿನ ಮಾತು ಎತ್ತಬಾರದು, ತನ್ನ ನೆರಳನ್ನು ತಾನು ನೋಡಬಾರದು. ಮೊಲೆ ಬಿಡಿಸುವ ಮುಂಚೆಯೇ ಮಕ್ಕಳಿಗೆ ಇವೆರಡನ್ನು ಕಲಿಸುತ್ತೇವೆ. ಇಲ್ಲದಿದ್ದರೆ ಇಷ್ಟು ಜನ ಒಂದೇ ಊರಲ್ಲಿ ಬಾಳುವುದು ಹೇಗೆ? ನೆಲ ನೋಡಿಕೊಂಡು ನಡೆಯುವವರನ್ನು ಬೇರೆ ಕಡೆ ವಿನಯವಂತರು ಅನ್ನುತ್ತಾರಂತೆ. ನಮ್ಮಲ್ಲಿ ಅಂಥವರನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಪ್ರಾಣಿಗಳ ನೆರಳು ನೋಡಬಹುದು, ಅದಕ್ಕೆ ಅಡ್ಡಿಯಿಲ್ಲ. ಕುದುರೆ ತಿದ್ದುವವರಿಗೆ ಅದೇ ಓದು. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಕುದುರೆಯ ನೆರಳು ಓದುವುದನ್ನು ನನ್ನ ಮಾವ ಅದಕ್ಕಿಂತ ಎಷ್ಟೋ ಮುಂಚೆ ಕಲಿಸಿದ್ದರು. ಗಂಡುಮಕ್ಕಳಿಬ್ಬರಿಗೂ ಆ ಕೆಲಸ ಒಲಿಯಲಿಲ್ಲ, ನನಗೆ ಒಲಿಯಿತು. “ಹಗ್ಗದ ಬಿಗಿ ಏನೂ ಕಲಿಸೋದಿಲ್ಲ ಕಣಮ್ಮಾ, ಸಡಿಲ ಕಲಿಸುತ್ತೆ,” ಅನ್ನುತ್ತಿದ್ದರು. ಎಳೆಯಬೇಕು, ಕುದುರೆ ಒಂದು ಕೂದಲಿನಷ್ಟು ನಿನ್ನ ಕಡೆ ಬಂತೋ, ಆ ಕ್ಷಣ ಬಿಡಬೇಕು. ಬಿಟ್ಟದ್ದೇ ಅದಕ್ಕೆ ಬೆಲ್ಲ. ನಾನು ಅವರಿಗೆ ಮಗಳಿಗಿಂತ ಹೆಚ್ಚು ಎಂದು ನಂಬಿದ್ದೆ. ಅವರು ಹಾಸಿಗೆ ಹಿಡಿದಾಗ ನನ್ನ ಜಗಲಿಯಲ್ಲೇ ಮಂಚ ಹಾಕಿ, ಗಂಜಿ ಕುಡಿಸಿ, ಮೈ ಒರೆಸಿ ನೋಡಿಕೊಂಡವಳು ನಾನು. ಬಿಸಿಲಿಗೆಂದು ಮಂಚ ಹೊರಕ್ಕೆಳೆದರೆ ಅವರ ನೆರಳು ನನ್ನನ್ನು ದಾಟಿ, ಕಣ ದಾಟಿ, ರೇವಕ್ಕನ ಬಾಗಿಲಿಗೆ ಹೋಗಿ ಬೀಳುತ್ತಿತ್ತು. ದಿನವೂ. ಕೊನೆಯ ಬೆಳಗಿನಲ್ಲೂ. ಇನ್ನೊಬ್ಬರ ನೆರಳು ನೋಡಬಾರದು ಎನ್ನುವುದು ನನಗೂ ಗೊತ್ತು. ಆದರೆ ಬಾಯಿಗೆ ಚಮಚ ಹಿಡಿದವಳು ಕಣ್ಣು ಎಲ್ಲಿಡಬೇಕು?

ಅವತ್ತು ಬಿದ್ದ ಕೆಂಡ ಇವತ್ತಿಗೂ ಆರಿಲ್ಲ. ಮಾವ ಹೋದ ಮೇಲೆ ರೇವಕ್ಕನ ಮನೆಯ ಹಿಂದಿದ್ದ ಕುದುರೆ ಲಾಯದ ಸೂರೂ ಕುಸಿಯಿತು. ಆಮೇಲೆ ಬಂದ ಕುದುರೆಗಳನ್ನೆಲ್ಲ ನನ್ನ ಕೊಟ್ಟಿಗೆಯಲ್ಲೇ ಕಟ್ಟಿಕೊಂಡೆ.

ಇಂಥದ್ದರಲ್ಲಿ ಮಾಬೂಸಾಬ ಲವಂಗಿಯನ್ನು ತಂದ. ಮಾಬೂಸಾಬ ನಮ್ಮೂರಿನ ಜಟಕಾ ಸಾಬ. ಅವನ ಮುದಿಗುದುರೆ ಸತ್ತು, ಗಾಡಿ ಅಂಗಳದಲ್ಲಿ ಮೂಕಿ ಎತ್ತಿಕೊಂಡು ನಿಂತಿತ್ತು. ಎಲ್ಲೋ ಪರವೂರಿನಲ್ಲಿ ಮದುವೆ ಗಂಡುಗಳನ್ನು ಹೊರುತ್ತಿದ್ದ ಹೆಣ್ಣುಕುದುರೆ ಇದು. ಲವಂಗದ ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಯಾವುದೋ ಮೆರವಣಿಗೆಯಲ್ಲಿ ಹೊಟ್ಟೆಯಡಿ ಪಟಾಕಿ ಸರ ಹೊತ್ತಿಕೊಂಡಿತಂತೆ. ಅಲ್ಲಿಂದ ಎಲೆ ಅಲ್ಲಾಡಿದರೂ ಎಗರುತ್ತದೆ ಎಂದು ದಲ್ಲಾಳಿ ಇವನ ತಲೆಗೆ ಕಟ್ಟಿದ್ದ. ಸಾಲದ್ದಕ್ಕೆ ನಮ್ಮೂರು. ಊರ ಅಗಸೆಬಾಗಿಲು ದಾಟಿದ್ದೇ ತಡ, ಹುಟ್ಟಿದಾಗಿನಿಂದ ಕಾಲಿಗಂಟಿ ಬಂದಿದ್ದ ನೆರಳು ಕಾಲಡಿ ಹರಿದಾಡತೊಡಗಿದರೆ ಮೂಕಪ್ರಾಣಿ ಏನು ಮಾಡೀತು? ನನ್ನ ಕಣಕ್ಕೆ ಬರುವಷ್ಟರಲ್ಲಿ ಅದು ನೊರೆಯಲ್ಲಿ ಮಿಂದಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ನೆರಳನ್ನು ಮಾತ್ರ ಹೊಟ್ಟೆಯಡಿಗೆ ಎಳೆದುಕೊಂಡು, ತೊಯ್ದ ಬಟ್ಟೆಯ ಹಾಗೆ ಮುದುರಿಟ್ಟುಕೊಂಡಿತ್ತು. ಅಂಥ ನೆರಳನ್ನು ನಾನು ಯಾವ ಕುದುರೆಯಲ್ಲೂ ಕಂಡಿರಲಿಲ್ಲ. ಯಾರ ಕಡೆಗೂ ಇಲ್ಲ, ಮೇವಿನ ಕಡೆಗೂ ಇಲ್ಲ.

“ಪಾಲವ್ವಾ,” ಎಂದ ಮಾಬೂಸಾಬ, “ಬರೋ ದೊಡ್ಡ ಸಂತೆಗೆ ದಲ್ಲಾಳಿ ಇದೇ ದಾರಿಯಲ್ಲಿ ಬರ್ತಾನೆ. ಅಷ್ಟರೊಳಗೆ ಇವಳು ಹಗ್ಗದಲ್ಲಿ ನಡೆದು ಸಂತೆಪೇಟೆ ದಾಟಿದರೆ ಗಾಡಿಗೆ ಕಟ್ತೀನಿ. ಇಲ್ಲವಾ, ಅವನ ಕೈಲೇ ವಾಪಸು. ಅವನೇನು ಮಾಡ್ತಾನೆ ಅಂತ ನೀ ಕೇಳಬ್ಯಾಡ, ನಾ ಹೇಳೋದಿಲ್ಲ.”

“ಹಗ್ಗ ಕೆಳಗಿಡು, ಮನೆಗೆ ಹೋಗು,” ಎಂದೆ.

ನನಗೆ ಅವಸರವಿಲ್ಲ. ಅವಸರವಿರುವವರು ಕತ್ತೆ ಸಾಕಲಿ. ಮೊದಲು ಕೆಲವು ದಿನ ಕಣದ ಪಡುವಣ ಮೂಲೆಯಲ್ಲಿ ಸುಮ್ಮನೆ ನಿಂತೆ. ಎದುರಾಗಿ ನಿಲ್ಲಬಾರದು, ಭುಜ ಕೊಟ್ಟು ನಿಲ್ಲಬೇಕು. ಕಣ್ಣಲ್ಲಿ ಕಣ್ಣಿಡಬಾರದು. ಒಂದು ಹೆಜ್ಜೆ ಇಟ್ಟೆ. ಲವಂಗಿ ತಲೆ ಎತ್ತಿದಳು. ಅಲ್ಲೇ ನಿಂತು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಹಾಗೆ ಕೊಟ್ಟು, ಹಾಗೇ ತೆಗೆದುಕೊಂಡು, ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ತಗ್ಗಿಸಿ ತುಟಿ ನೆಕ್ಕಿದಳು, ಬರೀ ಬಾಯಿ ಜಗಿದಳು. ಕುದುರೆ ‘ಸರಿ, ನೋಡೋಣ’ ಎನ್ನುವುದು ಹಾಗೆ. ಆಮೇಲೆ ಮೋರೆಹಗ್ಗ ಹಾಕಿದೆ. ಗೋಣಿಚೀಲವನ್ನು ಮಡಿಸಿ ಕುತ್ತಿಗೆಗೆ ಸವರಿದೆ, ಬೆನ್ನಿಗೆ, ಪಕ್ಕೆಗೆ. ಹೊಟ್ಟೆಯ ಹತ್ತಿರ ಹೋದರೆ ಒದೆಯುತ್ತಿದ್ದಳು. ಒದ್ದಾಗ ಚೀಲ ತೆಗೆಯಲಿಲ್ಲ. ಒದೆ ನಿಂತಾಗ ತೆಗೆದೆ. ಉದ್ದ ಹಗ್ಗದಲ್ಲಿ ಎಡಕ್ಕೆ ಸುತ್ತು, ಬಲಕ್ಕೆ ಸುತ್ತು, ನಿಲ್ಲು, ಹಿಂದಕ್ಕೆ ಸರಿ. ಹಸಿ ಗೋಣಿ ಹಾಸಿ ಅದರ ಮೇಲೆ ಗೊರಸು ಇಡಿಸಿದೆ. ಎಲ್ಲವನ್ನೂ ಕಲಿತಳು, ಲವಂಗಿ ಜಾಣೆ. ಆದರೆ ಮೈ ಮಾತ್ರ ಕಲಿಯಿತು. ನೆರಳು ಹೊಟ್ಟೆಯಡಿಯಿಂದ ಈಚೆಗೆ ಬರಲಿಲ್ಲ. ನೆರಳು ಬರದ ಕುದುರೆಯನ್ನು ಸಂತೆಗೆ ಒಯ್ಯುವುದೂ ಒಂದೇ, ಹಗ್ಗವಿಲ್ಲದೆ ಒಯ್ಯುವುದೂ ಒಂದೇ.

ಒಂದು ದಿನ ಬೆಳಿಗ್ಗೆ ಅವಳನ್ನು ಸುತ್ತು ಹಾಕಿಸುತ್ತಿದ್ದೆ. ರೇವಕ್ಕ ಸಂಡಿಗೆ ಹಿಟ್ಟಿನ ಪಾತ್ರೆ ಎತ್ತಿಕೊಂಡು ಅಂಗಳಕ್ಕೆ ಬಂದಳು. ನಮ್ಮ ಕಡೆ ನೋಡಲೂ ಇಲ್ಲ. ಚಾಪೆ ಹಾಸಿ, ಸೊಂಟ ಹಿಡಿದುಕೊಂಡು ಕೂತು, ಏನೋ ಗುನುಗುತ್ತಾ ಒಂದೊಂದೇ ಸಂಡಿಗೆ ಇಡತೊಡಗಿದಳು. ಲವಂಗಿ ನಿಂತಳು. ಕಿವಿ ಮುಂದಕ್ಕೆ ಬಂತು. ಹೊಟ್ಟೆಯಡಿ ಮುದುರಿದ್ದ ನೆರಳು ಬಿಚ್ಚಿಕೊಂಡು, ಹಾಲು ಚೆಲ್ಲಿದ ಹಾಗೆ ಹರಿದು, ಗೋಡೆ ಏರಿ, ಆಚೆಗಿಳಿದು, ರೇವಕ್ಕನ ಚಾಪೆಯ ಅಂಚಿಗೆ ಹೋಗಿ ಮಲಗಿತು.

ನನಗೆ ಹೇಗಾಯಿತು ಎಂದು ಹೇಳಲೇ? ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ವಾಸ ಅನ್ನುತ್ತಾರಲ್ಲ, ಹಾಗೆ. ಬಿಸಿಲಲ್ಲಿ ನಿಂತು ಕಾಲು ಊದಿಸಿಕೊಂಡವಳು ನಾನು. ನೆಲಕ್ಕೆ ಕೂತು ಸಂಡಿಗೆ ಇಟ್ಟವಳಿಗೆ ನೆರಳು. ಮಾವನ ನೆರಳು, ಊರ ನೆರಳು, ಈಗ ಕುದುರೆಯದೂ.

“ಅಕ್ಕಾ, ಪಾಪ ಅದಕ್ಕೆ ಹಸಿವೇನೋ,” ಎಂದಳು ರೇವಕ್ಕ ತಲೆ ಎತ್ತಿ. “ಕುಂಬಳಕಾಯಿ ಸಿಪ್ಪೆ ಇದೆ. ಆಚೆಯಿಂದಲೇ ಎಸೆಯಲಾ?”

“ನಿನ್ನ ಸಿಪ್ಪೆ ನೀನೇ ಇಟ್ಟುಕೋ. ಕಲಿಯೋ ಕುದುರೆಗೆ ಕಂಡಕಂಡವರ ಕೈತುತ್ತು ಆಗಿಬರಲ್ಲ.”

“ಆಯ್ತು ಬಿಡು,” ಎಂದು ನಕ್ಕು ಮತ್ತೆ ಗುನುಗಿದಳು. ಬೈಸಿಕೊಂಡವರು ನಕ್ಕರೆ ಬೈದವರಿಗೆ ಎಷ್ಟು ಉರಿಯುತ್ತದೆ, ಅವಳಿಗೆ ಗೊತ್ತಿಲ್ಲವೆ?

ಅವತ್ತೇ ಬಿದಿರು ತರಿಸಿ ಗೋಡೆಯುದ್ದಕ್ಕೂ ಎತ್ತರದ ತಡಿಕೆ ಕಟ್ಟಿಸಿದೆ. ಕುದುರೆಗೆ ಗಾಳಿ ಹೊಡೆಯುತ್ತೆ, ಅದಕ್ಕೆ, ಎಂದೆ ಕೇಳಿದವರಿಗೆ. ಬೇಸಿಗೆಯಲ್ಲಿ ಎಂಥ ಗಾಳಿ ಎಂದು ಯಾರೂ ಕೇಳಲಿಲ್ಲ. ನಮ್ಮೂರವರು ಅಷ್ಟು ಮರ್ಯಾದಸ್ಥರು. ರೇವಕ್ಕನ ಗುನುಗು ಮಾತ್ರ ತಡಿಕೆಯ ಕಿಂಡಿಗಳಲ್ಲಿ ತೂರಿ ಬರುತ್ತಿತ್ತು. ಅದು ಬಂದಾಗೆಲ್ಲ ಕೈಯಲ್ಲಿ ಹಗ್ಗವಿದೆ ಎನ್ನುವುದು ಮರೆಯುತ್ತಿದ್ದೆ. ಅವಳು ಈಗ ಏನು ಮಾಡುತ್ತಿರಬಹುದು, ಯಾರು ಬಂದಿರಬಹುದು, ಯಾಕೆ ನಗುತ್ತಿದ್ದಾರೆ. ಲವಂಗಿ ದಿನದಿನಕ್ಕೆ ಕೆಟ್ಟಳು. ಕಲಿತದ್ದೆಲ್ಲ ಬಿಟ್ಟಳು. ನಾನು ಎದುರಿಗೆ ಬಂದರೆ ನೆಲ ಸುಡುತ್ತಿದೆಯೇನೋ ಎಂಬಂತೆ ಕಾಲು ಎತ್ತಿಡುತ್ತಿದ್ದಳು. ಪಟಾಕಿ ಹೊತ್ತಿದ್ದು ಹೊಟ್ಟೆಯಡಿಯಲ್ಲೇ ಅಲ್ಲವೆ, ಅದೇ ನೆನಪು ಅಂದುಕೊಂಡು ಇನ್ನಷ್ಟು ಹೊತ್ತು ಗೋಣಿ ಸವರಿದೆ. ಅದು ಇನ್ನಷ್ಟು ಕೆಡಿಸಿತು.

ಸಂತೆ ಹತ್ತಿರ ಬಂತು. ಮಾಬೂಸಾಬ ನೋಡಲು ಬಂದ ದಿನ ಒಂದು ಸುತ್ತಾದರೂ ಚೆನ್ನಾಗಿ ತೋರಿಸೋಣ ಎಂದು ಹಗ್ಗ ಹಿಡಿದೆ. ತಡಿಕೆಯಾಚೆ ನಾಲ್ಕು ಹೆಂಗಸರ ನಗು ಕೇಳಿತು, ನಡುವೆ ರೇವಕ್ಕನ ದನಿ. ನನ್ನ ಕಿವಿ ಅತ್ತ ಹೋಯಿತು. ಲವಂಗಿ ಕಂಪಿಸಿ, ಸೀಳು ಬಿದ್ದ ಹಾಗೆ ಕೂಗಿ, ನಾಲ್ಕೂ ಕಾಲು ಎತ್ತಿ ಹಾರಿದಳು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋಯಿತು. ಎದೆಯಲ್ಲೇ ತಡಿಕೆ ನೂಕಿ, ಬಿದಿರು ಪಟಪಟ ಮುರಿದು, ಗೋಡೆ ಹಾರಿ ಆಚೆ ಬಿದ್ದಳು. ಹೆಂಗಸರು ಚೀರಿ ಒಳಗೋಡಿದರು. ನಾನೂ ಮಾಬೂಸಾಬನೂ ದಿಡ್ಡಿಯಿಂದ ಓಡಿದೆವು.

ರೇವಕ್ಕ ಓಡಿರಲಿಲ್ಲ. ಸಂಡಿಗೆ ಚಾಪೆಯ ಪಕ್ಕ ಹಿಟ್ಟಿನ ಕೈ ಎತ್ತಿಕೊಂಡೇ ನಿಂತಿದ್ದಳು. ಲವಂಗಿ ಅವಳ ಮುಂದೆ ರಂಗೋಲಿಯ ನಡುವೆ ನಿಂತು, ತಲೆ ಇಳಿಸಿ, ಬರೀ ಬಾಯಿ ಜಗಿಯುತ್ತಿದ್ದಳು. ನೆರಳು ರೇವಕ್ಕನ ಪಾದದ ಹತ್ತಿರ ಬೆಕ್ಕಿನ ಹಾಗೆ ಒರಗಿತ್ತು. ಬೀದಿಯವರೆಲ್ಲ ಸೇರಿದರು. ಪೂಜಾರಪ್ಪನಂಥವನೂ ಕೊಡೆ ಮರೆತು ನಿಂತ.

“ಯಾ ಅಲ್ಲಾ,” ಎಂದ ಮಾಬೂಸಾಬ. ಆಮೇಲೆ ನನ್ನ ಮುಖ ನೋಡದೆ, “ಪಾಲವ್ವಾ, ನಿನ್ನ ಕೈ ಬೇರೆ ಹೀಗಾಗಿದೆ. ಸಂತೆವರೆಗೆ ಹಗ್ಗ ರೇವಕ್ಕನ ಹತ್ರ ಇರಲಿ ಬಿಡು. ಯಾರಿಗೆ ಒಲೀತೋ ಅವರಿಗೆ ಒಲೀತು.”

ಅಷ್ಟು ಜನರ ಮುಂದೆ. ನನ್ನ ಕೈಯಲ್ಲಿ ಉಳಿದಿದ್ದು ಅದೊಂದು ಹಗ್ಗ. ಆ ಹಗ್ಗವಿಲ್ಲದಿದ್ದರೆ ನಾನು ಯಾರು? ಇನ್ನೊಬ್ಬ ಮುದುಕಿ. ಕೊಟ್ಟೆ. ನೆಲಕ್ಕೆ ಬಿದ್ದಿದ್ದ ತುದಿ ಎತ್ತಿದಾಗ ಸುಲಿದ ಅಂಗೈಯಿಂದ ಹಗ್ಗಕ್ಕೆ ರಕ್ತ ಅಂಟಿತ್ತು, ಹಾಗೆಯೇ ಕೊಟ್ಟು, ಬಂದು ನನ್ನ ಜಗಲಿಯ ಮೇಲೆ ಕೂತೆ. ಬೀಳಲಿ, ಒದೆಯಲಿ, ಅವಳ ಸಂಡಿಗೆಯನ್ನೆಲ್ಲ ತುಳಿದು ಪುಡಿ ಮಾಡಲಿ ಎಂದು ದೇವರನ್ನು ಬೇಡಿಕೊಂಡೆ. ಬೇಡುವಾಗ ಕಣ್ಣು ಮುಚ್ಚಿದ್ದೆ.

ಜನ ಚದುರಿದ ಮೇಲೆ ಗೊರಸಿನ ಸದ್ದಾಯಿತು. ಕಣ್ಣು ಬಿಟ್ಟರೆ ರೇವಕ್ಕ ಕಣ ದಾಟಿ ಬರುತ್ತಿದ್ದಾಳೆ. ಹಗ್ಗದ ತುದಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದಿದ್ದಾಳೆ. ಲವಂಗಿ ಹಿಂದೆಯೇ ಬರುತ್ತಿದ್ದಾಳೆ. ಇನ್ನೊಂದು ಕೈಯಲ್ಲಿ ಅರಿಸಿನ, ಎಣ್ಣೆ.

“ಅಕ್ಕಾ, ಇದನ್ನ ತಗೋ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು. “ನನಗೆ ಕುದುರೆ ಅಂದರೆ ಜೀವ ಹೋಗುತ್ತೆ. ಮದುವೆಯಾಗಿ ಬಂದಾಗಿನಿಂದ. ಹಿತ್ತಲಲ್ಲಿ ಲಾಯ ಇತ್ತಲ್ಲ, ಅಷ್ಟು ವರ್ಷ ನಾನು ಹಿತ್ತಲ ಬಾಗಿಲು ತೆಗೆದವಳೇ ಅಲ್ಲ.”

“ಓಡಲಿಲ್ಲವಲ್ಲ ನೀನು?”

“ಕಾಲೇ ಬರಲಿಲ್ಲ! ಓಡೋದಕ್ಕೂ ಧೈರ್ಯ ಬೇಕಲ್ಲ?”

ನಗು ಬಂತು. ತಡೆದುಕೊಂಡೆ. ಅವಳು ಹಗ್ಗವನ್ನು ಜಗಲಿ ಕಂಬಕ್ಕೆ ಸುತ್ತಿ, ಕೆಳಗಿನ ಮೆಟ್ಟಿಲಲ್ಲಿ ಕೂತು ನನ್ನ ಅಂಗೈ ಎಳೆದುಕೊಂಡು ಅರಿಸಿನ ಹಚ್ಚತೊಡಗಿದಳು. ಉರಿಯಿತು. ಹಚ್ಚುತ್ತ ಹಚ್ಚುತ್ತ, ಕೈಯನ್ನೇ ನೋಡುತ್ತ, ಹೇಳಿದಳು. “ಒಂದು ಮಾತು ಹೇಳ್ತೀನಿ. ಹೇಳಬಾರದ ಮಾತು. ಬೈಯೋ ಹಾಗಿದ್ದರೆ ಹೇಳಿ ಮುಗಿಸಿದ ಮೇಲೆ ಬೈ.”

“ಹೇಳು.”

“ನಿನ್ನ ನೆರಳು ದಿನಾ ನನ್ನ ಮನೆಗೆ ಬರುತ್ತೆ ಅಕ್ಕ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಅದೇ. ಅಂಗಳದ ನಡೂಮಧ್ಯೆ ಬಿದ್ದುಕೊಂಡಿರುತ್ತೆ. ತುಳಿಯೋಕೆ ಮನಸ್ಸು ಬರಲ್ಲ. ಅದಕ್ಕೇ ಅದರ ಸುತ್ತಾನೇ ಚುಕ್ಕಿ ಇಟ್ಟು ರಂಗೋಲಿ ಹಾಕ್ತೀನಿ. ಬೀದಿಯವರು ಚೆಂದ ಚೆಂದ ಅಂತಾರೆ. ನನಗೇನು ಬರುತ್ತೆ ರಂಗೋಲಿ? ನಿನ್ನ ನೆರಳು ಇದ್ದ ಹಾಗೆ ಅದು.”

ನಾನು ಬೈಯಲಿಲ್ಲ. ಅಂಗೈಯನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಮೊದಲೆಲ್ಲ ಅದು ಬಂದರೆ ಬರಲಿ ಅಂತ ಇದ್ದೆ. ಈಗ ನಡುವೆ ಕುದುರೆ ನಿಲ್ಲುತ್ತಲ್ಲ. ನೀನು ಹಗ್ಗ ಹಿಡಿದು ಅತ್ತ ನಿಂತಿರ್ತೀಯ, ಇದು ನಡುವೆ, ನಾನು ಇತ್ತ. ನಿನ್ನ ನೆರಳು ಅದರ ಹೊಟ್ಟೆಯಡಿ ತೂರಿಕೊಂಡು ಬರುತ್ತೆ, ಅಕ್ಕ. ತಡಿಕೆ ಕಟ್ಟಿದ ಮೇಲೆ ಇನ್ನೂ ಜೋರಾಗಿ. ಹಾವು ಹೋದ ಹಾಗೆ.”

ಹುಟ್ಟಿದಾಗಿನಿಂದ ಮಾಡದ್ದನ್ನು ಅವತ್ತು ಮಾಡಿದೆ. ಜಗಲಿಯಿಂದ ಇಳಿದು ಬಿಸಿಲಲ್ಲಿ ನಿಂತು ಕಣ್ಣು ಕೆಳಗೆ ಹಾಕಿದೆ. ಎಷ್ಟು ಉದ್ದ ಎಂದರೆ ನನ್ನದೇ ಎಂದು ನಂಬಿಕೆ ಬರಲಿಲ್ಲ. ರೇವಕ್ಕ ನನ್ನ ಕಾಲ ಬುಡದಲ್ಲೇ ಕೂತಿದ್ದರೂ ಅದು ಅಭ್ಯಾಸಬಲದಿಂದ ಕಣದ ಅರ್ಧ ದೂರ ಹೋಗಿ, ಅವಳು ಇತ್ತ ಇರುವುದು ಗೊತ್ತಾಗಿ, ಬಳಸಿಕೊಂಡು ಹಿಂದಕ್ಕೆ ಬಂದು ಅವಳ ಮಡಿಲಲ್ಲಿ ತಲೆಯಿಟ್ಟಿತ್ತು. ನಾಚಿಕೆಯಾಯಿತು. ಅಷ್ಟು ದಿನ ಕುದುರೆಯ ನೆರಳು ನನ್ನ ಕಡೆ ಬರಲಿಲ್ಲ, ಬರಲಿಲ್ಲ ಎಂದು ಬಡಿದುಕೊಂಡೆನಲ್ಲ, ನನ್ನದು ಅದರ ಕಡೆ ಯಾವಾಗ ಹೋಗಿತ್ತು? ಊರಿನವರೆಲ್ಲ ಕಂಡಿದ್ದರು. ಮರ್ಯಾದೆಗೆ ಸುಮ್ಮನಿದ್ದರು.

“ಮಾವನ ನೆರಳೂ ನಿನ್ನ ಬಾಗಿಲಿಗೇ ಬರುತ್ತಿತ್ತು,” ಎಂದೆ. ಎಂದೋ ಹೊರಬೀಳಬೇಕಾಗಿದ್ದ ಮಾತು, ಅವತ್ತು ಬಿತ್ತು.

ರೇವಕ್ಕ ಅರಿಸಿನದ ಕೈ ಹಾಗೇ ಹಿಡಿದು ನನ್ನನ್ನು ನೋಡಿದಳು. “ನನ್ನ ಬಾಗಿಲಿಗಾ? ಬಾಗಿಲಲ್ಲಿ ನಿಲ್ಲುತ್ತಿತ್ತಾ ಅದು? ಹೊಸ್ತಿಲು ದಾಟಿ, ನಡುಮನೆ ದಾಟಿ, ಹಿತ್ತಲ ಬಾಗಿಲ ಸಂದಿಯಿಂದ ಲಾಯಕ್ಕೆ ಹೋಗುತ್ತಿತ್ತು. ನನ್ನ ಮನೆ ದಾರಿಗೆ ಸಿಕ್ಕಿತ್ತು, ಅಷ್ಟೆ.”

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಿಜವೇ ಇರಬೇಕು, ಅವಳಿಗೆ ಸುಳ್ಳು ಹೊಂದಿಸಲು ಬಾರದು. ಆದರೆ ಒಂದು ಮಾತು ಹೇಳುತ್ತೇನೆ. ಅಷ್ಟು ವರ್ಷದ ಕೆಂಡ ಒಂದು ಮಾತಿಗೆ ಆರುವುದಿಲ್ಲ. ಮಾವನ ನೆರಳು ಎಲ್ಲಿಗೆ ಹೋಗುತ್ತಿತ್ತು ಎನ್ನುವುದನ್ನೂ ಅವಳೇ ಕಂಡಳಲ್ಲ, ನಾನು ಕಾಣಲಿಲ್ಲವಲ್ಲ ಎಂದು ಹೊಸದಾಗಿ ಉರಿಯಿತು.

ನೆರಳನ್ನು ಬೈದು ತಿದ್ದಲಾಗುವುದಿಲ್ಲ. ಅದರ ಮುಂದೆ ತಡಿಕೆ ಕಟ್ಟುವುದು ಎಳೆದ ಹಗ್ಗವನ್ನು ಇನ್ನಷ್ಟು ಎಳೆದ ಹಾಗೆ. ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿ, ಬೆಳಿಗ್ಗೆ ಎದ್ದು ಉಳಿದ ಬಿದಿರನ್ನೂ ಕಿತ್ತುಹಾಕಿದೆ. ಗೋಡೆಯ ಮೇಲಿಂದ ಕೂಗಿದೆ. “ರೇವೀ, ನಿನ್ನ ಚಾಪೆ ಎತ್ತಿಕೊಂಡು ಬಾ. ಸಂಡಿಗೆ ಇಲ್ಲೇ ಇಡು, ಕಣದ ನಡುವೆ.”

“ಕುದುರೆ ಇರುತ್ತಲ್ಲ ಅಕ್ಕಾ!”

“ಇರುತ್ತೆ. ಅದು ನಿನ್ನನ್ನ ತಿನ್ನಲ್ಲ. ನಾನೇ ಇಷ್ಟು ವರ್ಷದಲ್ಲಿ ತಿಂದಿಲ್ಲ.”

ಅವಳು ಬಂದಳು. ಕಣದ ನಡುವೆ, ನನ್ನ ಕಾಲಿಗೆ ತಾಗುವ ಹಾಗೆ, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕೂತಳು. ಗೊರಸು ನೆಲಕ್ಕೆ ಬಿದ್ದಾಗೆಲ್ಲ ‘ಅಯ್ಯಪ್ಪಾ’ ಎನ್ನುತ್ತ ಸಂಡಿಗೆ ಇಟ್ಟಳು. ಅವತ್ತಿನ ಸಂಡಿಗೆ ಒಂದೂ ದುಂಡಗಿರಲಿಲ್ಲ, ನನಗೆ ಸ್ವಲ್ಪ ಸಂತೋಷವಾಯಿತು. ನಾನು ಅವಳ ಪಕ್ಕ ನಿಂತು ಲವಂಗಿಗೆ ಹಗ್ಗ ಬಿಟ್ಟೆ. ನನ್ನ ಹೊಟ್ಟೆಕಿಚ್ಚು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಕಾಲ ಬುಡದಲ್ಲೇ ಅದಕ್ಕೆ ಬೇಕಾದದ್ದು ಕೂತಿತ್ತು. ಲವಂಗಿಯ ಹೊಟ್ಟೆಯಡಿ ನೆಲ ಖಾಲಿಯಾಯಿತು. ಅವಳು ಒಂದು ಸುತ್ತು ಬಂದಳು, ಮೂಸಿದಳು. ಇನ್ನೊಂದು ಸುತ್ತು. ಕಾಲು ಎತ್ತೆತ್ತಿ ಇಡುವುದು ನಿಂತಿತು.

ಹಾಗೆ ಕೆಲವು ದಿನ ನಡೆಯಿತು. ಬೀದಿಯವರು ಗೋಡೆಯ ಆಚೆ ನಿಂತು ನೋಡಿದರು, ಓರಗಿತ್ತಿಯರಿಗೆ ತಲೆ ಕೆಟ್ಟಿದೆ ಎಂದರು. ಸಂತೆಯ ಹಿಂದಿನ ಬೆಳಿಗ್ಗೆ ಲವಂಗಿ ಹಸಿ ಗೋಣಿಯ ಮೇಲೆ ಮುಂಗಾಲಿಟ್ಟು ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಲಗಿವಿಯ ಬುಡದಲ್ಲಿ ಮೋರೆಹಗ್ಗ ಉಜ್ಜಿ ಸಣ್ಣ ಹುಣ್ಣಾಗಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಎಷ್ಟು ದಿನದಿಂದ ಇತ್ತೋ. ದಿನವೂ ಆ ಮೋರೆಗೆ ಕೈ ಹಾಕುವವಳು ನಾನು, ಕಂಡಿರಲಿಲ್ಲ. ‘ಅಯ್ಯೋ ನನ್ನವ್ವ, ಇದಾ ನಿನಗೆ’ ಎಂದು ಹಗ್ಗ ಸಡಿಲಿಸಿ, ಎಂಜಲು ಬೆರಳಿನಿಂದ ಆ ಜಾಗ ಮುಟ್ಟಿದೆ. ನೊಣ ಓಡಿಸಿದೆ. ಎಣ್ಣೆ ಎಲ್ಲಿಟ್ಟೆ ಎಂದು ಯೋಚಿಸಿದೆ. ಬೇರೇನನ್ನೂ ಯೋಚಿಸಲಿಲ್ಲ. ಹಿಂದೆ ರೇವಕ್ಕನ ಗುನುಗು ನಿಂತಿತು. ಅವಳು ಏನೂ ಹೇಳಲಿಲ್ಲ. ಒಂದು ಸಲ ಮಾತು ಮೀರಿದವಳು, ಎರಡನೇ ಸಲ ಊರಿನ ಮರ್ಯಾದೆ ಕಾಪಾಡಿದಳು. ನಾನೂ ಕೆಳಗೆ ನನ್ನ ನೆರಳನ್ನು ನೋಡಲಿಲ್ಲ. ಆದರೆ ಕುದುರೆಯದನ್ನು ನೋಡಬಹುದಲ್ಲ, ನೋಡಿದೆ. ಹೊಟ್ಟೆಯಡಿಯಿಂದ ನೆರಳಿನ ಒಂದು ಕೊನೆ ಈಚೆಗೆ ಬಂತು. ನಿಂತಿತು. ನನ್ನ ಕಾಲ ಹೆಬ್ಬೆರಳು ಮುಟ್ಟಿತು.

ಸಂತೆಯ ದಿನ ಮಾಬೂಸಾಬ, ದಲ್ಲಾಳಿ, ಊರವರೆಲ್ಲ ನೋಡುತ್ತಿದ್ದ ಹಾಗೆ ಲವಂಗಿಯನ್ನು ಪೇಟೆಯ ಚಪ್ಪರಗಳ ನಡುವಿನ ತೆರಪಿನಲ್ಲಿ ನಡೆಸಿಕೊಂಡು ಹೋದೆ. ಚಪ್ಪರದಿಂದ ಹೊರಗೆ ಬಂದು ನಿಂತವರ ನೆರಳುಗಳೆಲ್ಲ ಅವಳ ಕಡೆ ಹರಿದು ಬಂದವು. ಅಷ್ಟು ಜನರ ಕುತೂಹಲ ನೆಲದ ಮೇಲೆ. ಅವಳು ಒಂದು ಸಲ ಸೆಟೆದಳು. ನಾನು ಹಗ್ಗ ಎಳೆಯಲಿಲ್ಲ, ನಿಂತೆ, ಭುಜ ಕೊಟ್ಟೆ. ಉಸಿರು ಬಿಟ್ಟಳು. ಆಮೇಲೆ ಆ ನೆರಳುಗಳನ್ನು ತುಳಿದುಕೊಂಡು, ಒಂದೊಂದೇ ಗೊರಸು ಇಡುತ್ತ, ನನ್ನ ಹೆಗಲಿಗೆ ಮೂಗು ತಾಗಿಸಿಕೊಂಡು ಪೇಟೆ ದಾಟಿದಳು. ದಲ್ಲಾಳಿ ಬೀಡಿ ಎಸೆದು ತನ್ನ ದಾರಿ ಹಿಡಿದ.

ಮಾಬೂಸಾಬ ಕಣ್ಣು ಒರೆಸಿಕೊಂಡು ಅಲ್ಲೇ ಗಾಡಿ ತಂದು ಕಟ್ಟಿದ. ಗಾಡಿಗೆ ಕಟ್ಟಿದ ಮೇಲೆ ಹಗ್ಗ ನನ್ನದಲ್ಲ. ಈ ಕೆಲಸದಲ್ಲಿ ಅದು ಇದ್ದದ್ದೇ; ತಿದ್ದುವುದು ಕೊಡುವುದಕ್ಕೇ. ಕೊಟ್ಟೆ. “ಮೊದಲ ಸವಾರಿ ನೀನೇ ಹತ್ತು ಪಾಲವ್ವ,” ಎಂದ. ನಾನು ಹತ್ತುವಷ್ಟರಲ್ಲಿ ರೇವಕ್ಕ ಸಂಡಿಗೆ ಬುಟ್ಟಿ ಹೊತ್ತು ಓಡಿಬಂದಳು. ನೆಂಟರ ಮನೆಯ ಮದುವೆಗೆ ಕೊಡಬೇಕಂತೆ, ಹೊತ್ತಾಯಿತಂತೆ, ಬಿಸಿಲಂತೆ. ಕುದುರೆ ಕಂಡರೆ ಜೀವ ಹೋಗುವವಳು, ಕುದುರೆಗೆ ಬೆನ್ನು ಮಾಡಿ ಕೂರುವುದಾದರೆ ಅಡ್ಡಿಯಿಲ್ಲವಂತೆ. ಹಿಂದಿನ ಹಲಗೆಯ ಮೇಲೆ, ಮುಖ ನಮ್ಮ ಕಡೆಗೆ ಮಾಡಿ, ಬುಟ್ಟಿ ಮಡಿಲಲ್ಲಿಟ್ಟುಕೊಂಡು ಏರಿ ಕೂತಳು. ನೋಡಿ ಹೇಗಿದೆ. ಕಡೆದವಳು ನಾನು, ಬೆಣ್ಣೆ ಅವಳಿಗೆ.

“ಬಾ ಅಕ್ಕ, ಜಾಗ ಇದೆ,” ಎಂದಳು, ಸರಿದು.

“ಹೊಸ ಕುದುರೆಗೆ ಇಬ್ಬರು ಮುದುಕಿಯರ ಭಾರ ಬೇಡ. ಹೋಗು.”

ಗಾಡಿ ಹೊರಟಿತು. ಗೆಜ್ಜೆಯ ಸದ್ದು, ಚಕ್ರದ ಸದ್ದು, ಧೂಳು. ಲವಂಗಿಯ ಕಿವಿ ಮುಂದಕ್ಕಿತ್ತು, ಅವಳು ಚೆನ್ನಾಗಿ ಎಳೆಯುತ್ತಿದ್ದಳು. ಆದರೆ ಅವಳ ನೆರಳು ಗಾಡಿಯ ಕೆಳಗಿನಿಂದ, ಚಕ್ರಗಳ ನಡುವಿನಿಂದ, ಹಿಂದಕ್ಕೆ ನನ್ನ ಕಡೆಗೆ ಚಾಚಿಕೊಂಡು ಬರುತ್ತಿತ್ತು. ಹಲಗೆಯ ಮೇಲೆ ಕೂತಿದ್ದ ರೇವಕ್ಕ ಅದನ್ನು ಕಂಡಳು. ಜೋತಾಡುತ್ತಿದ್ದ ಎರಡೂ ಪಾದಗಳನ್ನು ಮೇಲಕ್ಕೆಳೆದು ಮಡಿಸಿ ಕೂತಳು, ಅದಕ್ಕೆ ದಾರಿ ಬಿಡುವ ಹಾಗೆ.

ಆಗ ನಾನು ಎರಡನೇ ಸಲ ನನ್ನ ನೆರಳನ್ನು ನೋಡಿದೆ. ಅದೂ ರಸ್ತೆಯುದ್ದಕ್ಕೂ ಗಾಡಿಯ ಹಿಂದೆ ಹೋಗುತ್ತಿತ್ತು, ನಾನು ಎಂದೂ ಓಡದಷ್ಟು ವೇಗವಾಗಿ. ಮೂಕಿಗೆ ಕಟ್ಟಿದವಳ ಹಿಂದೆಯೋ, ಹಲಗೆಯ ಮೇಲೆ ಕೂತವಳ ಹಿಂದೆಯೋ ಎಂದು ನೀವು ಕೇಳಬಹುದು. ಕೇಳಬೇಡಿ. ನಮ್ಮೂರಲ್ಲಿ ಹಾಗೆಲ್ಲ ಕೇಳುವುದಿಲ್ಲ.